ಸಕಾರಾತ್ಮಕ ಮನೋವಿಜ್ಞಾನ: ಓದನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಶಿಕ್ಷಕಿ, ಸಿಂಧನೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತೇನೆ. ಈಚೆಗೆ ತರಬೇತಿಯೊಂದರಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರು ‘ಪಾಸಿಟಿವ್ ಸೈಕಾಲಜಿ’ಯ ಹೆಸರಿನಲ್ಲಿ ಮಧ್ಯಾಹ್ನವಿಡೀ ಚಪ್ಪಾಳೆ ತಟ್ಟಿಸಿ, ‘ನಾನು ಗೆದ್ದೇ ಗೆಲ್ಲುತ್ತೇನೆ’ ಎಂದು ಹೇಳಿಸಿ ಕಳುಹಿಸಿದರು. ಇದು ನಿಜಕ್ಕೂ ಮನೋವಿಜ್ಞಾನದ ಶಾಖೆಯೇ, ಇಲ್ಲವೇ ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಇಟ್ಟ ಹೊಸ ಹೆಸರೇ? ಶಾಖೆಯೇ ಆಗಿದ್ದರೆ, ಬಿ.ಎ.ಯಲ್ಲಿ ಮನಃಶಾಸ್ತ್ರ ಓದದ, ನೌಕರಿ ಬಿಟ್ಟು ಬೆಂಗಳೂರಿಗೆ ಹೋಗಲಾಗದ ನನ್ನಂಥವರು ಅದನ್ನು ಕ್ರಮವಾಗಿ ಓದುವುದು ಹೇಗೆ?

ಉತ್ತರ 1: ಉಪನ್ಯಾಸಕ, ಬಳ್ಳಾರಿ

ಮೇಡಂ, ಶಾಖೆ ಹೌದು. ಚಪ್ಪಾಳೆಗೂ ಅದಕ್ಕೂ ಸಂಬಂಧವಿಲ್ಲ. 1998ರಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಅಧ್ಯಕ್ಷರಾಗಿದ್ದ ಮಾರ್ಟಿನ್ ಸೆಲಿಗ್‌ಮನ್ ಅವರು, ಎರಡನೇ ಮಹಾಯುದ್ಧದ ನಂತರ ಮನೋವಿಜ್ಞಾನವು ಕಾಯಿಲೆಯ ಬೆನ್ನು ಹತ್ತಿ, ಜನ ಚೆನ್ನಾಗಿ ಬದುಕುವುದು ಹೇಗೆಂಬ ಪ್ರಶ್ನೆಯನ್ನು ಕೈಬಿಟ್ಟಿತೆಂದು ವಾದಿಸಿದರು. ಇದೇ ಸೆಲಿಗ್‌ಮನ್ 1960ರ ದಶಕದಲ್ಲಿ, ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ಉಂಡ ನಾಯಿಗಳು ಆಮೇಲೆ ದಾರಿಯಿದ್ದರೂ ಕದಲದೆ ಉಳಿಯುವುದನ್ನು ತೋರಿಸಿ ಹೆಸರಾದವರು ಎಂಬುದು ಗಮನಿಸತಕ್ಕ ಸಂಗತಿ.

ನನ್ನ ಸಲಹೆಯೆಂದರೆ, ಉಪದೇಶದಿಂದಲ್ಲ, ಅಳತೆಯಿಂದ ಆರಂಭಿಸಿ. ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಜೀವನ ತೃಪ್ತಿಯ ಮಾಪನದಲ್ಲಿ ಇರುವುದು ಐದೇ ಹೇಳಿಕೆಗಳು. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ, ಒಟ್ಟು 5ರಿಂದ 35. ನೋಡಲು ಸರಳ, ಆದರೆ ಕೇಳುವ ಹೊತ್ತು ಉತ್ತರವನ್ನು ಅಲುಗಾಡಿಸಬಲ್ಲದು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ, ಎರಡನೇ ಬೆಳೆಗೆ ನೀರು ಸಿಕ್ಕೀತೇ ಎಂದು ಕಾಲುವೆಯ ಕೊನೆಯ ಭಾಗದ ರೈತರು ಕಂಗಾಲಾಗಿದ್ದ ವಾರದಲ್ಲಿ, ‘ನನ್ನ ಬದುಕಿನ ಬಗ್ಗೆ ನನಗೆ ತೃಪ್ತಿಯಿದೆ’ ಎಂಬ ಹೇಳಿಕೆಗೆ ನಿಮ್ಮೂರಿನ ಭತ್ತದ ರೈತ ಎಷ್ಟು ಅಂಕ ಕೊಡುತ್ತಿದ್ದ, ಗದ್ದೆಗೆ ನೀರು ಹರಿದ ಮೇಲೆ ಎಷ್ಟು ಕೊಡುತ್ತಿದ್ದ, ಯೋಚಿಸಿ. ಒಂದೇ ಸಲ ಕೇಳುವುದರ ಈ ತೊಡಕಿಗೆ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಬೇರೊಂದು ದಾರಿ ಹಿಡಿದರು: ಜನರ ಕೈಗೆ ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗಲೆಲ್ಲ ಆ ಕ್ಷಣದಲ್ಲಿ ಏನು ಮಾಡುತ್ತಿದ್ದೀರಿ, ಮನಸ್ಸು ಹೇಗಿದೆ ಎಂದು ಬರೆಸಿದರು. ಕೆಲಸದಲ್ಲಿ ಮೈಮರೆಯುವ ಸ್ಥಿತಿಯ ಕುರಿತ ಅವರ ಅಧ್ಯಯನಕ್ಕೆ ಈ ವಿಧಾನ ಬಹಳ ನೆರವಾಯಿತು.

ಉತ್ತರ 2: ಆಪ್ತಸಮಾಲೋಚಕಿ, ಕೊಪ್ಪಳ

ಸರ್ ಹೇಳಿದ್ದಕ್ಕೆ ಇಷ್ಟು ಸೇರಿಸುತ್ತೇನೆ. ಈ ಶಾಖೆಯ ಸೋಲುಗಳನ್ನೂ ಓದಿ. ಸಂತಸದ ಮತ್ತು ಬೇಸರದ ಭಾವನೆಗಳ ಅನುಪಾತ 2.9013ನ್ನು ದಾಟಿದರೆ ಬದುಕು ಅರಳುತ್ತದೆ ಎಂದು ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಮಾರ್ಸಿಯಲ್ ಲೊಸಾಡಾ 2005ರಲ್ಲಿ ಬರೆದಿದ್ದರು. ನಿಕ್ ಬ್ರೌನ್, ಅಲನ್ ಸೋಕಲ್ ಮತ್ತು ಹ್ಯಾರಿಸ್ ಫ್ರೀಡ್‌ಮನ್ 2013ರಲ್ಲಿ ಆ ಗಣಿತಕ್ಕೆ ಬುಡವೇ ಇಲ್ಲವೆಂದು ತೋರಿಸಿದ ಮೇಲೆ ಅಷ್ಟು ಭಾಗವನ್ನು ಹಿಂಪಡೆಯಲಾಯಿತು. ದಶಮಾಂಶದ ನಾಲ್ಕನೇ ಸ್ಥಾನದವರೆಗೆ ಸುಖವನ್ನು ಲೆಕ್ಕ ಹಾಕಿದಾಗಲೇ ಅನುಮಾನ ಬರಬೇಕಿತ್ತು!

ಓದಿಗೆ ಇಗ್ನೋದ ಎಂ.ಎ. ಮನಃಶಾಸ್ತ್ರ 2025ರವರೆಗೆ ದೂರಶಿಕ್ಷಣದಲ್ಲಿತ್ತು, ಈಗ ಹೊಸ ಪ್ರವೇಶವಿಲ್ಲ. ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣದಲ್ಲಿ ಐಐಟಿ ಪ್ರಾಧ್ಯಾಪಕರ ಪಾಠಗಳಿವೆ. ಆದರೆ ಖಿನ್ನತೆಯಲ್ಲಿರುವ ಮಗುವಿಗೆ ‘ಪಾಸಿಟಿವ್ ಆಗಿ ಯೋಚಿಸು’ ಎನ್ನುವುದು ಚಿಕಿತ್ಸೆಯಲ್ಲ. ಅಂಥ ಮಗುವನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರ ಬಳಿ ಕಳುಹಿಸಬೇಕು. 1996ರಲ್ಲಿ ಕೆಲವೇ ಜಿಲ್ಲೆಗಳಲ್ಲಿ ಆರಂಭವಾಗಿ ದೇಶದಲ್ಲಿ ಹಂತಹಂತವಾಗಿ ಹರಡಿದ ಆ ಕಾರ್ಯಕ್ರಮಕ್ಕೆ ಮಾದರಿಯಾದದ್ದು, 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ದಿನದ ಮೂರು ಒಳ್ಳೆಯ ಸಂಗತಿಗಳನ್ನು ಬರೆಯುವ ಅಭ್ಯಾಸವನ್ನು ಒಂಬತ್ತನೇ ತರಗತಿಯಲ್ಲಿ ಮಾಡಿಸಿ ನೋಡಬಹುದೇ?

ಉತ್ತರ 3: ಉಪನ್ಯಾಸಕ, ಬಳ್ಳಾರಿ

ಮಾಡಿಸಬಹುದು. ಸೆಲಿಗ್‌ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ಸಂಗತಿಗಳ ಜೊತೆಗೆ ಅವು ಏಕೆ ನಡೆದವು ಎಂಬುದನ್ನೂ ಒಂದು ವಾರ ಬರೆದವರಲ್ಲಿ ಪರಿಣಾಮ ಆರು ತಿಂಗಳವರೆಗೂ ಕಂಡಿತ್ತು. ಆದರೆ ಅವರು ತಾವಾಗಿಯೇ ಅಂತರ್ಜಾಲದ ಮೂಲಕ ಸೇರಿದ್ದ ವಯಸ್ಕರು, ನಿಮ್ಮವರು ಮಕ್ಕಳು. ‘ಏಕೆ’ ಎಂಬ ಭಾಗವನ್ನು ಬಿಡಬೇಡಿ. ಇನ್ನೊಂದು ವಿಭಾಗದ ಮಕ್ಕಳಿಂದ ಬಾಲ್ಯದ ನೆನಪುಗಳನ್ನು ಬರೆಸಿ ಹೋಲಿಸಿ. ಆ ಅಧ್ಯಯನದಲ್ಲೂ ಹೋಲಿಕೆಗೆ ಇಟ್ಟದ್ದು ಇಂಥದೇ ಬರವಣಿಗೆ. ಪೋಷಕರ ಒಪ್ಪಿಗೆ ಪಡೆಯಿರಿ, ಮಕ್ಕಳು ಬರೆದದ್ದಕ್ಕೆ ಅಂಕ ಕೊಡಬೇಡಿ, ತರಗತಿಯಲ್ಲಿ ಗಟ್ಟಿಯಾಗಿ ಓದಿಸಲೂ ಬೇಡಿ.