ಜಲ ಸಮೃದ್ಧ ಗ್ರಾಮದ ಗುರಿಗೂ ಕೊಳವೆಬಾವಿ ನಿಯಮಗಳಿಗೂ ತಾಳೆಯಾಗುತ್ತಿಲ್ಲವೇಕೆ?

ಪ್ರಶ್ನೆ: ಗ್ರಾಮ ಪಂಚಾಯಿತಿ ಸದಸ್ಯ, ಕೋಲಾರ ಜಿಲ್ಲೆ

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿಯ 17 ಗುರಿಗಳನ್ನು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು ಗ್ರಾಮಮಟ್ಟಕ್ಕೆ 9 ವಿಷಯಗಳಾಗಿ ಇಳಿಸಿದ್ದು, ಅವುಗಳಲ್ಲಿ ನೀರಿನ ವಿಷಯವಾದ ‘ಜಲ ಸಮೃದ್ಧ ಗ್ರಾಮ’ವನ್ನು ನಮ್ಮ ಪಂಚಾಯಿತಿ ಆರಿಸಿಕೊಂಡಿದೆ. ಗ್ರಾಮಸಭೆಯಲ್ಲಿ ಠರಾವಾಗಿ, ಚೆಕ್ ಡ್ಯಾಂ ಮತ್ತು ಇಂಗುಗುಂಡಿಗಳು ನರೇಗಾ ಕ್ರಿಯಾ ಯೋಜನೆಗೂ ಸೇರಿದವು. ಇಷ್ಟಾಗುವಷ್ಟರಲ್ಲಿ ಊರಿನ ಕುಡಿಯುವ ನೀರಿನ ಕೊಳವೆಬಾವಿಯ ಪಕ್ಕದ ಟೊಮೆಟೊ ತೋಟಕ್ಕೆ ರಿಗ್ ಲಾರಿ ಬಂದು, ಬೆಳಗಾಗುವುದರೊಳಗೆ ಹೊಸ ಬಾವಿ ಕೊರೆದು ಹೋಯಿತು. ಇದನ್ನು ತಡೆಯಲು ಕಾನೂನಿನಲ್ಲಿ ಅವಕಾಶವಿದೆಯೇ?

ಉತ್ತರ 1: ನಿವೃತ್ತ ಪಿಡಿಒ

ಇದೆ, ಸರ್. ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲವೆಂದು ರಾಜ್ಯದ 1999ರ ಕಾಯ್ದೆಯೇ ಹೇಳುತ್ತದೆ. 2011ರ ಅಂತರ್ಜಲ ಕಾಯ್ದೆಯು ಅಧಿಸೂಚಿತ (ಸರ್ಕಾರ ಅಧಿಸೂಚನೆ ಹೊರಡಿಸಿ ಗುರುತಿಸಿದ) ಪ್ರದೇಶಗಳಲ್ಲಿ ಅನುಮತಿಯನ್ನು ಕಡ್ಡಾಯ ಮಾಡಿ, ರಿಗ್ ಮಾಲೀಕರ ನೋಂದಣಿಯನ್ನೂ ಕೇಳುತ್ತದೆ. ಟೇಪು ಹಿಡಿದು ದೂರ ಅಳೆದು, ಮಹಜರು ಬರೆದು, ಫೋಟೊ ಸಮೇತ ಜಿಲ್ಲಾಧಿಕಾರಿಗಳಿಗೆ ಕಳುಹಿಸಿ. ಪಕ್ಕದ ಮನೆಯವರ ಮೇಲೆ ದೂರು ಬರೆಯಲು ಯಾವ ಸದಸ್ಯರೂ ಮುಂದೆ ಬರುವುದಿಲ್ಲವೆಂಬುದು ಬೇರೆ ಮಾತು.

ಉತ್ತರ 2: ಇಂಧನ ನೀತಿ ಅಧ್ಯಯನ ಮಾಡುವವರು

ಮಹಜರಿನಿಂದ ಒಂದು ಬಾವಿ ನಿಂತೀತು, ಆದರೆ ಈಗಾಗಲೇ ಇರುವ ಬಾವಿಗಳಿಂದ ಎತ್ತುವ ನೀರಿಗೆ ಲೆಕ್ಕವೇ ಇಲ್ಲ. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ರಾಜ್ಯ ಉಚಿತ ವಿದ್ಯುತ್ ಕೊಡುವುದರಿಂದ, ಕರೆಂಟ್ ಇದ್ದಷ್ಟು ಹೊತ್ತೂ ಮೋಟಾರ್ ಓಡಿಸುವ ರೈತನಿಗೆ ನಷ್ಟವಿಲ್ಲ. ಹೀಗಾಗಿ ನೀರಿನ ಹಿತಮಿತ ಬಳಕೆಯನ್ನು ಬಯಸುವ ಸುಸ್ಥಿರ ಅಭಿವೃದ್ಧಿಯ 6ನೇ ಗುರಿಗೆ ವಿದ್ಯುತ್ ಸಹಾಯಧನವೇ ಎದುರು ನಿಲ್ಲುತ್ತದೆ. ಸಹಾಯಧನವನ್ನು ಏಕಾಏಕಿ ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಕನಕಪುರ ತಾಲ್ಲೂಕಿನ ಹಾರೋಬೆಲೆಯ ಸೂರ್ಯರೈತ ಯೋಜನೆಯಲ್ಲಿ ಸೌರ ಪಂಪ್‌ಸೆಟ್‌ನ ಹೆಚ್ಚುವರಿ ವಿದ್ಯುತ್ತನ್ನು ರೈತರು ಗ್ರಿಡ್‌ಗೆ ಮಾರುವ ಏರ್ಪಾಡು ಇತ್ತು. ಮೋಟಾರ್ ನಿಲ್ಲಿಸಿದವನಿಗೂ ನಾಲ್ಕು ಕಾಸು ಸಿಗುವ ಇಂಥ ದಾರಿಯನ್ನು ಅಂತರ್ಜಲ ನಿಯಮದೊಂದಿಗೆ ಜೋಡಿಸದೆ, ವರದಿಯಲ್ಲಿ ಗುರಿಯ ಸಂಖ್ಯೆ ನಮೂದಿಸಿದರೆ ಏನೂ ಆಗದು.

ಉತ್ತರ 3: ರೈತ ಮಹಿಳೆ, ಚಿಂತಾಮಣಿ

ಅನುಮತಿ ನಿಲ್ಲಿಸಿದರೆ ಪೆಟ್ಟು ತಿನ್ನುವವರು ಬಾವಿಯೇ ಇಲ್ಲದ ಸಣ್ಣ ಹಿಡುವಳಿದಾರರು. ಹಳೆಯ ಬಾವಿಯಿರುವ ದೊಡ್ಡ ತೋಟದವರು ಎಂದಿನಂತೆ ನೀರೆತ್ತುತ್ತಾರೆ, ಏಕೆಂದರೆ ಭೂಮಿ ಯಾರದೋ ಅದರಡಿಯ ನೀರೂ ಅವರದೇ ಎಂಬ ನಂಬಿಕೆಗೆ 1882ರ ಈಸ್‌ಮೆಂಟ್ (ಅನುಭೋಗದ ಹಕ್ಕುಗಳ) ಕಾಯ್ದೆಯ ಬಲವಿದೆ. ಕೇಂದ್ರದ ಅಂತರ್ಜಲ ಕಾರ್ಯಕ್ರಮವಾದ ಅಟಲ್ ಭೂಜಲ ಯೋಜನೆಯಡಿ ಪಂಚಾಯಿತಿಗಳು ಮಾಡಿದ ನೀರಿನ ಆಯವ್ಯಯವನ್ನು, ಅಂದರೆ ಊರಿಗೆ ಸಿಗುವ ನೀರೆಷ್ಟು, ಬಳಸುವುದೆಷ್ಟು ಎಂಬ ಲೆಕ್ಕವನ್ನು, ತಾವೂ ಮಾಡಿ, ಯಾವ ಸರ್ವೆ ನಂಬರಿನಲ್ಲಿ ಎಷ್ಟು ಬಾವಿಗಳಿವೆಯೆಂದು ಗ್ರಾಮಸಭೆಯಲ್ಲೇ ಓದಿ ಹೇಳಿ. ಹೊಸ ಅರ್ಜಿಯ ಚರ್ಚೆ ಅದಾದ ಮೇಲೆ ಬರಲಿ.