ಚೀನಾ ರೇಷ್ಮೆಗೆ ಸುಂಕ ಏರಿದರೆ ಮಾವನಿಗೆ ಹಬ್ಬ, ಅಪ್ಪನಿಗೆ ಸಂಕಟ: ಯಾರ ಮಾತು ಸರಿ?

ಮಗ್ಗದ ಮನೆ (ದೊಡ್ಡಬಳ್ಳಾಪುರ):
ನಮ್ಮ ಮನೆಯ ಹಿಂದೆ ನಾಲ್ಕು ವಿದ್ಯುತ್ ಮಗ್ಗಗಳಿವೆ. ಅಮ್ಮನ ತವರು ಶಿಡ್ಲಘಟ್ಟದ ಕಡೆ. ಸೋದರಮಾವ ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಾರೆ. 2021ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ, ಅಂದರೆ ಗೂಡಿನಿಂದ ಬಿಚ್ಚಿದ ನೂಲಿನ, ಆಮದು ಸುಂಕ ಶೇ 10ರಿಂದ 15ಕ್ಕೆ ಏರಿದಾಗ ಮಾವ ಸಿಹಿ ಹಂಚಿದರು, ಅಪ್ಪ ಅವರೊಂದಿಗೆ ಮಾತು ಬಿಟ್ಟರು. ಈಗಲೂ ಮನೆಯಲ್ಲಿ ಇದೇ ಜಗಳ. ದೇಶಕ್ಕೆ ಯಾವುದು ಒಳ್ಳೆಯದು, ತಿಳಿದವರು ಹೇಳಿ.

ಅರ್ಥಶಾಸ್ತ್ರದ ಮೇಷ್ಟ್ರು:
ನಿಮ್ಮ ತಂದೆಯ ಪಕ್ಷ ನನ್ನದು. ಯಾರು ಯಾವುದನ್ನು ಹೋಲಿಕೆಯಲ್ಲಿ ಅಗ್ಗವಾಗಿ ಮಾಡಬಲ್ಲರೋ ಅವರು ಅದನ್ನು ಮಾಡಲಿ ಎಂದು ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲೇ ಇಂಗ್ಲೆಂಡಿನ ಬಟ್ಟೆ, ಪೋರ್ಚುಗಲ್‌ನ ದ್ರಾಕ್ಷಾರಸ ಇಟ್ಟುಕೊಂಡು ವಾದಿಸಿದ. ರೇಷ್ಮೆಗೆ ನಮ್ಮಲ್ಲಿ 1934ರಿಂದಲೇ ರಕ್ಷಣಾ ಸುಂಕದ ಆಸರೆ ಸಿಕ್ಕಿದೆ. ಇನ್ನೂ ಎಷ್ಟು ಕಾಲ ಕೈಹಿಡಿದು ನಡೆಸುವುದು?

ನೂಲು ಬಿಚ್ಚುವವನು (ಶಿಡ್ಲಘಟ್ಟ):
ಮೇಷ್ಟ್ರೇ, ದ್ರಾಕ್ಷಾರಸವನ್ನು ಪೀಪಾಯಿಯಲ್ಲಿ ಇಟ್ಟು ಕಾಯಬಹುದು. ರೇಷ್ಮೆಹುಳುವಿನ ಹಸಿ ಗೂಡು ಕಾಯುವುದಿಲ್ಲ. ಕೆಲವೇ ದಿನ ತಡವಾದರೂ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ, ಆಮೇಲೆ ಎಳೆ ಬಿಚ್ಚಲಾಗದು. ಆದ್ದರಿಂದ ಹರಾಜಿನಲ್ಲಿ ಕೂಗಿದ ಬೆಲೆಗೆ ರೈತ ತಲೆಯಾಡಿಸಲೇಬೇಕು.

ಆ ಬೆಲೆ ಕೂಗುವವನು ನಾನೇ. ನಾಡ ತಳಿಗೆ ಬೇರೆ ತಳಿ ಕೂಡಿಸಿದ ಮಿಶ್ರತಳಿಯಾದರೆ ಒಂದು ಕೆ.ಜಿ. ನೂಲಿಗೆ ಏಳೆಂಟು ಕೆ.ಜಿ. ಗೂಡು ಹಿಡಿಯುತ್ತದೆ, ರೆಂಡಿಟ್ಟಾ ಎನ್ನುವುದು ಇದನ್ನೇ. ಏಳು ಎಂದೇ ಹಿಡಿಯಿರಿ. ನೂಲಿನ ಬೆಲೆ 700 ರೂಪಾಯಿ ಇಳಿದರೆ ಗೂಡಿಗೆ ನಾನು 100 ರೂಪಾಯಿ ಕಡಿಮೆ ಕೂಗುತ್ತೇನೆ. ಬೈದರೆ ಬೈಯಲಿ, ನನ್ನ ಒಲೆಯೂ ಉರಿಯಬೇಕಲ್ಲ.

2011ರಲ್ಲಿ ಸುಂಕವನ್ನು ಶೇ 30ರಿಂದ ಒಮ್ಮೆಗೇ 5ಕ್ಕೆ ಇಳಿಸಿದರು. ಗೂಡಿನ ಬೆಲೆ ನೆಲ ಕಚ್ಚಿತು, ರೈತರು ಬೀದಿಗಿಳಿದರು. 2013ರಲ್ಲಿ 15 ಮಾಡಿದರು, ಮುಂದೆ 10ಕ್ಕೆ ತಂದರು, 2021ರಲ್ಲಿ ಮತ್ತೆ 15. ತೋಟ ಒಮ್ಮೆ ನೆಟ್ಟರೆ ಹತ್ತು ಹದಿನೈದು ವರ್ಷದ ಬಾಳು. ಫೆಬ್ರುವರಿಗೊಂದು ನೀತಿಯಾದರೆ ಯಾವ ಧೈರ್ಯದಿಂದ ನೆಡುವುದು? ನನ್ನನ್ನು ಕೇಳಿದರೆ ಸುಂಕ ಇರಲಿ; ಎಷ್ಟು ವರ್ಷ ಇರುತ್ತದೆ, ಯಾವ ವರ್ಷ ಎಷ್ಟು ಇಳಿಯುತ್ತದೆ ಎಂಬುದನ್ನು ಮೊದಲೇ ಬರೆದುಕೊಡಲಿ.

ಮಗ್ಗದ ಮನೆ:
ಅಪ್ಪನಿಗೆ ಇದನ್ನು ಓದಿ ಹೇಳಿದೆ. "ಆ ರೀಲರ್ ಒಂದು ದಿನ ನಮ್ಮ ಮಗ್ಗದ ಮುಂದೆ ನಿಲ್ಲಲಿ" ಎಂದರು. ಹೊಕ್ಕಿಗೆ, ಅಂದರೆ ಬಟ್ಟೆಯ ಅಡ್ಡ ಎಳೆಗೆ, ನಮ್ಮ ನೂಲು ನಡೆಯುತ್ತದೆ. ಹಾಸಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗೆ, ಹಾಕಿದರೆ ದಪ್ಪ, ತೆಳು ಒಂದೇ ಸಮ ಇರುವುದಿಲ್ಲ. ಎಳೆ ತುಂಡಾಗುತ್ತದೆ, ಮಗ್ಗ ನಿಲ್ಲಿಸಿ ಗಂಟು ಹಾಕುತ್ತಾ ಕೂರಬೇಕು. ಚೀನಾ ನೂಲಿಗೆ ಈ ರಗಳೆ ಕಡಿಮೆ. ಅಲ್ಲದೆ ನೂಲಿಗಷ್ಟೇ ಬೇಲಿ ಹಾಕಿ ನೇಯ್ದ ಬಟ್ಟೆಯನ್ನು ಅಗ್ಗವಾಗಿ ಒಳಗೆ ಬಿಟ್ಟರೆ ನಮ್ಮ ಗತಿ ಏನು ಎಂಬುದು ಅವರ ಪ್ರಶ್ನೆ.

ನೂಲು ಬಿಚ್ಚುವವನು:
ಬಟ್ಟೆಯ ವಿಷಯದಲ್ಲಿ ನಿಮ್ಮ ತಂದೆಯ ಮಾತಿಗೆ ನನ್ನ ಸಹಿಯೂ ಇದೆ. ಹಾಸಿನ ವಿಷಯಕ್ಕೆ ಬಂದರೆ, ದ್ವಿತಳಿ, ಅಂದರೆ ಬೈವೋಲ್ಟೀನ್ ಎಂಬ ಉತ್ತಮ ತಳಿಯ, ಗೂಡನ್ನು ಸ್ವಯಂಚಾಲಿತ ಯಂತ್ರದಲ್ಲಿ ಬಿಚ್ಚಿದರೆ ಮೂರು-ಎ ಎಂಬ ಮೇಲ್ದರ್ಜೆಯ ನೂಲು ಇಲ್ಲಿಯೂ ಬರುತ್ತದೆ. ಆದರೆ ಅಂಥ ಯಂತ್ರಕ್ಕೆ ಸಾಲ ಮಾಡಬೇಕು, ಆ ಸಾಲ ತೀರುವಷ್ಟು ಕಾಲ ಸುಂಕ ಅಲುಗಾಡಬಾರದು. ನಿಮ್ಮ ಮಾವ ದ್ವಿತಳಿ ಸಾಕುತ್ತಾರೋ, ಮಿಶ್ರತಳಿಯೋ?