ನಿದ್ದೆ ಕಮ್ಮಿಯಾದರೂ ಬಲ ಹಾಗೇ ಇದೆ, ಕೈಹಿಡಿತ ಮಾತ್ರ ಯಾಕೆ ತಪ್ಪುತ್ತೆ?

ಶಟಲ್_ಕೋಚ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬ್ಯಾಡ್ಮಿಂಟನ್ ಆಟಗಾರನೊಬ್ಬ ಮೂರು ವಾರದಿಂದ ರಾತ್ರಿ ಐದೂವರೆ ಗಂಟೆ ಮಾತ್ರ ಮಲಗುತ್ತಿದ್ದಾನೆ. ಮುಷ್ಟಿಯ ಬಲ ಅಳೆದರೆ ಇಳಿದಿಲ್ಲ, ನಿಂತಲ್ಲಿಂದ ಎಗರುವ ಎತ್ತರವೂ ಹೆಚ್ಚುಕಮ್ಮಿ ಹಾಗೇ ಇದೆ. ಆದರೆ ನೆಟ್ ಹತ್ತಿರದ ನಾಜೂಕಿನ ಹೊಡೆತ ಬಲೆಗೆ ಬೀಳುತ್ತಿದೆ, ಸರ್ವ್ ಉದ್ದ ಹೋಗುತ್ತಿದೆ, ಮೂರನೇ ಗೇಮ್ ಹೊತ್ತಿಗೆ ಕಾಲು ಒಂದು ಹೆಜ್ಜೆ ತಡವಾಗುತ್ತಿದೆ. ಕೇಳಿದರೆ "ಅಭ್ಯಾಸ ಆಗಿಹೋಗಿದೆ ಸರ್, ಏನೂ ಅನ್ನಿಸಲ್ಲ" ಅನ್ನುತ್ತಾನೆ.

ಬಲ ಇದ್ದೂ ಹಿಡಿತ ತಪ್ಪುವುದು ಯಾಕೆ? ದೇಹ ನಿಜಕ್ಕೂ ಕಮ್ಮಿ ನಿದ್ದೆಗೆ ಒಗ್ಗಿಕೊಳ್ಳುತ್ತಾ? ಅಂಗಳದಲ್ಲೇ ಇದನ್ನು ಅಳೆಯೋಕೆ ಸುಲಭದ ದಾರಿ ಇದೆಯಾ?

ಸ್ನಾಯು_ನರ:

ಮುಷ್ಟಿ ಬಿಗಿಹಿಡಿಯುವುದು ಮೂರು ಸೆಕೆಂಡಿನ ಕೆಲಸ. ಅಷ್ಟು ಹೊತ್ತು ಮನಸ್ಸು ಒಟ್ಟುಗೂಡಿಸಿ ಪೂರ್ತಿ ಬಲ ಹಾಕುವುದು ನಿದ್ದೆಗೆಟ್ಟವನಿಗೂ ಸಾಧ್ಯ, ಯಾಕೆಂದರೆ ಸ್ನಾಯು ಕೆಟ್ಟಿಲ್ಲ. ಕೆಟ್ಟಿರುವುದು ಅದಕ್ಕೆ ಆಜ್ಞೆ ಕೊಡುವ ಕಡೆ. ನೆಟ್ ಹೊಡೆತದಲ್ಲಿ ಬೇಕಾಗುವುದು ಪೂರ್ತಿ ಬಲವಲ್ಲ, ಅಳತೆಯ ಬಲ. ಶಟಲ್ ಎಲ್ಲಿದೆ ಅಂತ ಕಣ್ಣು ಹೇಳಬೇಕು, ಮಣಿಕಟ್ಟು ಎಷ್ಟು ತಿರುಗಿದೆ ಅಂತ ಕೀಲುಗಳಿಂದ ಸುದ್ದಿ ಬರಬೇಕು, ಮೆದುಳು ಎರಡನ್ನೂ ಕೂಡಿಸಿ ತಿದ್ದುಪಡಿ ಕಳಿಸಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಒಂದಿಷ್ಟು ತಡ ಮಾಡಿದರೂ ರಾಕೆಟ್‌ನ ಮುಖ ಬೇರೆ ಕಡೆ ತಿರುಗಿರುತ್ತದೆ.

2011ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಅಧ್ಯಯನ ಇದನ್ನು ತುಂಬಾ ಹತ್ತಿರದಿಂದ ತೋರಿಸಿತು. ಸಕ್ಕರೆ ಗುಳಿಗೆಯನ್ನು ಮುಂಗಾಲು ಚಾಚಿ ಹಿಡಿಯುವುದಕ್ಕೆ ಇಲಿಗಳನ್ನು ಪಳಗಿಸಿ, ಆಮೇಲೆ ಅವು ಮಲಗದ ಹಾಗೆ ಎಚ್ಚರವಾಗಿಟ್ಟರು. ನೋಡುವುದಕ್ಕೆ ಅವು ಪೂರ್ತಿ ಎಚ್ಚರವಾಗಿದ್ದವು, ಕಣ್ಣು ತೆರೆದೇ ಇತ್ತು, ಓಡಾಡುತ್ತಿದ್ದವು. ಆದರೆ ಮೆದುಳಿನ ಹೊರಪದರದಲ್ಲಿ ಕೆಲವು ನರಕೋಶಗಳು ಮಾತ್ರ ಗಾಢನಿದ್ದೆಯಲ್ಲಿ ಆಗುವ ಹಾಗೆ ಒಂದು ಕ್ಷಣ ಸುಮ್ಮನಾಗಿ ಮತ್ತೆ ಏಳುತ್ತಿದ್ದವು. ಚಲನೆಯನ್ನು ನಡೆಸುವ ಭಾಗದಲ್ಲಿ ಗುಳಿಗೆಗೆ ಕೈಹಾಕುವ ತುಸು ಮುಂಚೆ ಹೀಗಾದರೆ, ಹಿಡಿತ ತಪ್ಪುವ ಸಾಧ್ಯತೆ ಹೆಚ್ಚುತ್ತಿತ್ತು. ಅಂದರೆ ಎಚ್ಚರವಿದ್ದವನ ಮೆದುಳಿನಲ್ಲೇ ಒಂದು ಮೂಲೆ ತೂಕಡಿಸಬಹುದು. ನಿಮ್ಮ ಆಟಗಾರ ಹತ್ತು ಹೊಡೆತದಲ್ಲಿ ಎಂಟನ್ನು ಚೆನ್ನಾಗಿ ಹೊಡೆದು ಎರಡನ್ನು ಕೈಚೆಲ್ಲುವುದು ಈ ನಮೂನೆಗೆ ಸರಿಹೊಂದುತ್ತದೆ. ನಿದ್ದೆಗೇಡಿನಲ್ಲಿ ಸರಾಸರಿ ಅಷ್ಟಾಗಿ ಕುಸಿಯುವುದಿಲ್ಲ, ಒಂದೊಂದು ಸಲ ಒಂದೊಂದು ಥರ ಆಗುತ್ತದೆ.

ಹೋಲಿಕೆ ಬೇಕಾದರೆ 1997ರ ಪ್ರಯೋಗ ನೋಡಿ. ಪರದೆಯ ಮೇಲೆ ಓಡುವ ಗುರಿಯನ್ನು ಕೈಯಿಂದ ಹಿಂಬಾಲಿಸುವ ಪರೀಕ್ಷೆಯಲ್ಲಿ, 17 ಗಂಟೆ ಎಚ್ಚರವಿದ್ದವರ ಕೈ ರಕ್ತದಲ್ಲಿ 0.05 ಶೇಕಡಾ ಮದ್ಯಸಾರ ಇದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆಗೆ ಅದು ಸುಮಾರು 0.10 ಶೇಕಡಾ. ಬೆಳಿಗ್ಗೆ ಆರಕ್ಕೆ ಎದ್ದವನಿಗೆ 17 ಗಂಟೆ ತುಂಬುವುದು ರಾತ್ರಿ ಹನ್ನೊಂದಕ್ಕೆ!

ಬಾರ್ಬೆಲ್:

ಮೇಲಿನವರು ಹೇಳಿದ್ದು ಸರಿ. ಆದರೆ "ಬಲ ಹಾಗೇ ಇರುತ್ತೆ" ಅನ್ನುವುದನ್ನು ಪೂರ್ತಿ ನಂಬಬೇಡಿ. ಒಂದೇ ಸಲದ ಎತ್ತುವಿಕೆಯಲ್ಲಿ, ಅದೂ ತೋಳು ಮಡಚುವಂಥ ಒಂದೇ ಕೀಲಿನ ಕಸರತ್ತಿನಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಡೆಡ್‌ಲಿಫ್ಟ್, ಲೆಗ್ ಪ್ರೆಸ್‌ನಂಥ ದೊಡ್ಡ ಚಲನೆಗಳಲ್ಲಿ ಕಾಣುತ್ತದೆ. ಮೂರು ರಾತ್ರಿ ಮೂರೇ ಗಂಟೆ ಮಲಗಿಸಿ ನೋಡಿದ 1994ರ ಅಧ್ಯಯನದಲ್ಲಿ, ಗರಿಷ್ಠ ಭಾರಕ್ಕಿಂತ ಮಧ್ಯಮ ಭಾರವನ್ನು ಮತ್ತೆ ಮತ್ತೆ ಎತ್ತುವ ಕೆಲಸವೇ ಹೆಚ್ಚು ಸೊರಗಿತು. ಮೊದಲ ಸೆಟ್ ನೋಡಿ "ಪರವಾಗಿಲ್ಲ" ಅಂದುಕೊಳ್ಳುವ ಕೋಚ್ ಮೋಸಹೋಗುವುದು ಇಲ್ಲೇ. ನಾಲ್ಕನೇ ಸೆಟ್ ನೋಡಬೇಕು.

ಇನ್ನೊಂದು, ಶ್ರಮದ ಅನಿಸಿಕೆ. ಹೃದಯದ ಬಡಿತ, ಉಸಿರು ಎಲ್ಲ ಹೆಚ್ಚುಕಮ್ಮಿ ಅಷ್ಟೇ ಇದ್ದರೂ ಅದೇ ಕೆಲಸ ಹೆಚ್ಚು ಭಾರ ಅನ್ನಿಸುತ್ತದೆ, ಇಲ್ಲವೇ ಗೊತ್ತಾಗದ ಹಾಗೆ ವೇಗ ತಗ್ಗುತ್ತದೆ. 30 ಗಂಟೆ ನಿದ್ದೆಗೆಟ್ಟವರನ್ನು ಟ್ರೆಡ್‌ಮಿಲ್ ಮೇಲೆ ಅರ್ಧ ಗಂಟೆ ಅವರಿಷ್ಟದ ವೇಗದಲ್ಲಿ ಓಡಿಸಿದಾಗ ಓಡಿದ ದೂರ ಕಮ್ಮಿಯಾಯಿತು, ಆದರೆ ಪಟ್ಟ ಶ್ರಮ ಅವರಿಗೆ ಅಷ್ಟೇ ಅನ್ನಿಸಿತ್ತು. ಮೂರನೇ ಗೇಮಿನ ತಡವಾದ ಹೆಜ್ಜೆಯಲ್ಲಿ ಇದರ ಪಾಲೂ ಇರಬಹುದು. ಜೊತೆಗೆ ನಿದ್ದೆಯಿಲ್ಲದ ದಿನ ಸ್ನಾಯುವಿನಲ್ಲಿ ಗ್ಲೈಕೋಜನ್, ಅಂದರೆ ಅದು ಕೂಡಿಟ್ಟುಕೊಳ್ಳುವ ಸಕ್ಕರೆಯ ಇಂಧನ, ಪೂರ್ತಿ ತುಂಬಿಕೊಳ್ಳುವುದಿಲ್ಲ. ದುರಸ್ತಿಯೂ ಹಿಂದೆ ಬೀಳುತ್ತದೆ. 2021ರ ಒಂದು ಅಧ್ಯಯನದಲ್ಲಿ ಒಂದೇ ರಾತ್ರಿ ಪೂರ್ತಿ ನಿದ್ದೆಗೆಟ್ಟಾಗ ಸ್ನಾಯು ಪ್ರೋಟೀನ್ ತಯಾರಿ 18 ಶೇಕಡಾ ಇಳಿಯಿತು, ಒತ್ತಡದ ಹಾರ್ಮೋನು ಕಾರ್ಟಿಸಾಲ್ 21 ಶೇಕಡಾ ಏರಿತು.

ಆಟಗಾರ ಐದು ಗಂಟೆಗಿಂತ ಕಮ್ಮಿ ಮಲಗಿ ಬಂದ ದಿನಕ್ಕೆ ನನ್ನ ಸಲಹೆ: ಸ್ನ್ಯಾಚ್, ಕ್ಲೀನ್‌ನಂಥ ಭಾರವನ್ನು ನೆಲದಿಂದ ಒಮ್ಮೆಲೇ ಮೇಲೆತ್ತುವ ಕಸರತ್ತು, ಪೆಟ್ಟಿಗೆ ಮೇಲೆ ಜಿಗಿತ ಬೇಡವೇ ಬೇಡ. ಭಾರ ಇಳಿಸುವುದಕ್ಕಿಂತ ಸೆಟ್ ಇಳಿಸಿ. ಐದಿದ್ದರೆ ಮೂರು ಸಾಕು, ನಡುವಿನ ವಿಶ್ರಾಂತಿ ಒಂದೂವರೆ ಪಟ್ಟು ಕೊಡಿ. ಹೊಸ ಹೊಡೆತ ಕಲಿಸುವುದನ್ನು ಮುಂದಕ್ಕೆ ಹಾಕಿ. ಕಲಿತ ಚಲನೆ ಮೆದುಳಿನಲ್ಲಿ ಗಟ್ಟಿಯಾಗುವುದು ಆ ರಾತ್ರಿಯ ನಿದ್ದೆಯಲ್ಲಿ, ಹಾಗಾಗಿ ಕಲಿಸಿದ ದಿನ ರಾತ್ರಿ ಅವನು ಚೆನ್ನಾಗಿ ಮಲಗುವುದು ಕಲಿಸಿದಷ್ಟೇ ಮುಖ್ಯ. ಆ ದಿನಕ್ಕೆ ನಿಧಾನದ ಓಟ ಅಥವಾ ಸೈಕಲ್ ಸಾಕು.

ಎಚ್ಚರಗಣ್ಣು:

"ಅಭ್ಯಾಸ ಆಗಿಹೋಗಿದೆ" ಅನ್ನುವ ಮಾತಿಗೆ ಬರುತ್ತೇನೆ. ನನಗೆ ಹೆಚ್ಚು ಭಯ ಆಗುವುದು ಅದರದ್ದೇ. 2003ರ ಒಂದು ಅಧ್ಯಯನದಲ್ಲಿ 14 ದಿನ ಕೆಲವರಿಗೆ ರಾತ್ರಿ ಆರು ಗಂಟೆ, ಕೆಲವರಿಗೆ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟರು. ಬೆಳಕು ಕಂಡ ಕೂಡಲೇ ಗುಂಡಿ ಒತ್ತುವ ಹತ್ತು ನಿಮಿಷದ ಪರೀಕ್ಷೆಯಲ್ಲಿ ಅರ್ಧ ಸೆಕೆಂಡಿಗಿಂತ ತಡವಾದ ಉತ್ತರಗಳು ದಿನದಿಂದ ದಿನಕ್ಕೆ ಏರುತ್ತಲೇ ಹೋದವು. ಕೊನೆಗೆ ಆರು ಗಂಟೆಯ ಗುಂಪು ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಂದಿತ್ತು, ನಾಲ್ಕು ಗಂಟೆಯದ್ದು ಎರಡು ರಾತ್ರಿಯ ಮಟ್ಟಕ್ಕೆ. ಆದರೆ "ಎಷ್ಟು ನಿದ್ದೆ ಬರುತ್ತಿದೆ" ಅಂತ ಕೇಳಿದರೆ ಅವರ ಉತ್ತರ ಮೊದಲ ಕೆಲವು ದಿನ ಏರಿ, ಆಮೇಲೆ ಅಲ್ಲೇ ನಿಂತಿತು. ಒಗ್ಗಿಕೊಂಡಿದ್ದು ಅನಿಸಿಕೆ ಮಾತ್ರ. ಹಾಗಾಗಿ ಆಟಗಾರನ ಮಾತನ್ನು ಅಳತೆಗೋಲು ಮಾಡಿಕೊಳ್ಳಬೇಡಿ.

ಅಂಗಳದಲ್ಲಿ ಅಳೆಯಲು 30 ಸೆಂಟಿಮೀಟರಿನ ಸ್ಕೇಲ್ ಸಾಕು. ಆಟಗಾರ ಮೊಣಕೈಯನ್ನು ಮೇಜಿನ ಮೇಲಿಟ್ಟು, ಹೆಬ್ಬೆರಳು ಮತ್ತು ತೋರುಬೆರಳನ್ನು ಎರಡು ಸೆಂಟಿಮೀಟರ್ ಅಗಲಿಸಿ ಹಿಡಿಯಲಿ. ನೀವು ಸ್ಕೇಲಿನ ಸೊನ್ನೆ ಸರಿಯಾಗಿ ಅವನ ಬೆರಳುಗಳ ನಡುವೆ ಬರುವಂತೆ ತೂಗುಹಾಕಿ, ಹೇಳದೆ ಬಿಡಿ. ಎರಡರಿಂದ ಹತ್ತು ಸೆಕೆಂಡು, ಪ್ರತಿ ಸಲ ಬೇರೆ ಬೇರೆ ಹೊತ್ತು ಕಾಯಿಸಿ. ಒಂದೇ ಲಯದಲ್ಲಿ ಬಿಟ್ಟರೆ ಅವನು ಊಹಿಸಿ ಹಿಡಿಯುತ್ತಾನೆ, ಪರೀಕ್ಷೆ ಕೆಟ್ಟಿತು. 15 ಸೆಂಟಿಮೀಟರಿಗೆ ಹಿಡಿದರೆ ಸುಮಾರು 0.175 ಸೆಕೆಂಡು, 20ಕ್ಕೆ 0.20, 30ಕ್ಕೆ 0.25.

ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಐದು ಸಲ ಬಿಟ್ಟು ಸರಾಸರಿ ತೆಗೆದರೆ ಏನೂ ಕಾಣಿಸುವುದಿಲ್ಲ. ಸತತ 30 ಸಲ ಬಿಡಿ. ಪೂರ್ತಿ ಕೈತಪ್ಪಿ ಬಿದ್ದದ್ದು ಎಷ್ಟು, ಕೊನೆಯ ಹತ್ತರಲ್ಲಿ ಎಷ್ಟು ಅಂತ ಬರೆದುಕೊಳ್ಳಿ. ಮೊದಲು ಚೆನ್ನಾಗಿ ನಿದ್ದೆಯಾದ ನಾಲ್ಕೈದು ದಿನ, ದಿನದ ಒಂದೇ ಹೊತ್ತಿಗೆ ಮಾಡಿ ಅವನದೇ ಅಳತೆ ಇಟ್ಟುಕೊಳ್ಳಬೇಕು. ಬೇರೆಯವರ ಅಂಕಿಗೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಚಿಕ್ಕ, ಚುರುಕಿನ ಪರೀಕ್ಷೆ ಹೇಗೆ ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ ರ‍್ಯಾಂಡಿ ಗಾರ್ಡ್‌ನರ್ ಉದಾಹರಣೆ. 17 ವಯಸ್ಸಿನ ಆ ಹುಡುಗ 1964ರ ಜನವರಿಯಲ್ಲಿ ಮುಗಿದ ಪ್ರಯತ್ನದಲ್ಲಿ ಸುಮಾರು 264 ಗಂಟೆ ಎಚ್ಚರವಿದ್ದ. ಕೊನೆಕೊನೆಗೂ ನಿದ್ರಾ ವಿಜ್ಞಾನಿ ವಿಲಿಯಂ ಡಿಮೆಂಟ್ ಅವರನ್ನು ಪಿನ್‌ಬಾಲ್ ಆಟದಲ್ಲಿ ಸೋಲಿಸಿದ. ಅದೇ ಹುಡುಗನಿಗೆ ನೂರರಿಂದ ಏಳೇಳು ಕಳೆಯುತ್ತಾ ಹೋಗು ಅಂದಾಗ 65ಕ್ಕೆ ಬಂದು ನಿಂತ. ಯಾಕೆ ಅಂದರೆ, ಏನು ಮಾಡುತ್ತಿದ್ದೆ ಅನ್ನುವುದೇ ಮರೆತುಹೋಗಿತ್ತು.

ಶಟಲ್_ಕೋಚ್:

ತುಂಬಾ ಉಪಕಾರ ಆಯ್ತು. ಕಾಫಿ, ಮಧ್ಯಾಹ್ನದ ನಿದ್ದೆ, ವಾರದ ಕೊನೆಗೆ ಒಂದು ದಿನ ಚೆನ್ನಾಗಿ ಮಲಗುವುದು, ಈ ಮೂರರಿಂದ ಎಷ್ಟು ಸರಿಹೋಗುತ್ತೆ?

ಎಚ್ಚರಗಣ್ಣು:

ಕಾಫಿ ಎಚ್ಚರ ತರುತ್ತದೆ, ಗುರಿ ತರುವುದಿಲ್ಲ. ಐದು ಗಂಟೆ ಮಲಗಿದ ಟೆನಿಸ್ ಆಟಗಾರರ ಸರ್ವ್ ನಿಖರತೆ ಕುಸಿದಾಗ 80 ಮಿಲಿಗ್ರಾಂ ಕೆಫೀನ್ ಅದನ್ನು ಎತ್ತಲಿಲ್ಲ ಅಂತ 2013ರ ಅಧ್ಯಯನ. ಓಟದಂಥ ಕೆಲಸಕ್ಕೆ ದೇಹತೂಕದ ಕಿಲೋಗೆ 3 ಮಿಲಿಗ್ರಾಂ, ಅಂದರೆ 60 ಕಿಲೋ ಇದ್ದವನಿಗೆ 180 ಮಿಲಿಗ್ರಾಂ, ಒಂದು ಗಂಟೆ ಮೊದಲು ಕೊಟ್ಟರೆ ಉಪಯೋಗವಿದೆ. ನಾಜೂಕಿನ ಆಟಕ್ಕೆ ಅದಕ್ಕಿಂತ ಹೆಚ್ಚು ಕೊಟ್ಟರೆ ಬೆರಳು ನಡುಗುವ ಅಪಾಯ. ಕುಡಿದದ್ದರ ಅರ್ಧ ಭಾಗ ಐದು ಗಂಟೆಯಾದರೂ ರಕ್ತದಲ್ಲೇ ಇರುತ್ತದೆ, ಹಾಗಾಗಿ ಸಂಜೆಯ ಲೋಟ ಆ ರಾತ್ರಿಯ ನಿದ್ದೆಯನ್ನೂ ತಿನ್ನುತ್ತದೆ. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಮ್ಮಿಯಾದದ್ದಿದೆ.

ಮಧ್ಯಾಹ್ನ ಒಂದರಿಂದ ಮೂರರೊಳಗೆ 20-25 ನಿಮಿಷದ ನಿದ್ದೆ ಕಾಫಿಗಿಂತ ವಾಸಿ. ಅಲಾರಾಂ ಇಡಿ. ಮುಕ್ಕಾಲು ಗಂಟೆಗೆ ಎಬ್ಬಿಸಿದರೆ ಗಾಢನಿದ್ದೆಯ ಮಧ್ಯದಿಂದ ಎದ್ದು ಮಂಪರಿನಲ್ಲೇ ಅಂಗಳಕ್ಕೆ ಬರಬಹುದು. ಎದ್ದ ಮೇಲೆ ಅರ್ಧ ಗಂಟೆ ಬಿಟ್ಟೇ ರಾಕೆಟ್ ಕೈಗೆ ಕೊಡಿ.

ಸ್ನಾಯು_ನರ:

ಒಂದು ದಿನದ ನಿದ್ದೆಯಿಂದ ಬಾಕಿ ತೀರುವುದಿಲ್ಲ. ಏಳು ದಿನ ನಿದ್ದೆ ಕಡಿತ ಮಾಡಿ ಆಮೇಲೆ ಮೂರು ರಾತ್ರಿ ಎಂಟೆಂಟು ಗಂಟೆ ಮಲಗಲು ಬಿಟ್ಟರೂ ಪ್ರತಿಕ್ರಿಯೆಯ ವೇಗ ಮೊದಲಿನ ಮಟ್ಟಕ್ಕೆ ವಾಪಸ್ ಬರಲಿಲ್ಲ. ಮೂರು ವಾರದ ಬಾಕಿಗೆ ಕನಿಷ್ಠ ಎರಡು ವಾರ, ರಾತ್ರಿ ಒಂಬತ್ತು ಗಂಟೆ ಹಾಸಿಗೆಯಲ್ಲಿರುವ ಹಾಗೆ ನೋಡಿಕೊಳ್ಳಿ ಅಂತ ಹೇಳುತ್ತೇನೆ. ಏಳುವ ಹೊತ್ತು ಬದಲಿಸದೆ ಮಲಗುವುದನ್ನು ಮುಂಚೆ ಮಾಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಆಟಗಾರರಿಗೆ ಐದರಿಂದ ಏಳು ವಾರ ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರಲು ಹೇಳಿದಾಗ ಫ್ರೀ ಥ್ರೋ ನಿಖರತೆ 9 ಶೇಕಡಾ ಏರಿತ್ತು, ಓಟದ ಸಮಯ 16.2ರಿಂದ 15.5 ಸೆಕೆಂಡಿಗೆ ಇಳಿದಿತ್ತು. ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ, ಆದ್ದರಿಂದ ಅಷ್ಟೂ ನಿದ್ದೆಯದೇ ಅನ್ನಲಾಗದು. ಸ್ಕೇಲ್ ಪರೀಕ್ಷೆಯನ್ನು ಆ ಎರಡು ವಾರವೂ ದಿನ ಬಿಟ್ಟು ದಿನ ಮಾಡಿ. ಕೊನೆಯ ಹತ್ತರಲ್ಲಿ ಕೈತಪ್ಪುವುದು ಅವನ ಹಳೆಯ ಮಟ್ಟಕ್ಕೆ ಬಂದಮೇಲಷ್ಟೇ ಹೊಸ ಹೊಡೆತ ಕಲಿಸಲು ಶುರುಮಾಡಿ.